ಯಕ್ಷಗಾನದ ಫೋಟೊ ಕದಡುತ್ತದೆ, ಬೈಠಕ್ಕಿನದಕ್ಕೆ ಪಟ್ಟೆ ಬೀಳುತ್ತದೆ: ಕ್ಯಾಮೆರಾ ಬದಲಿಸಬೇಕೇ?

ಪ್ರಶ್ನೆ: "ಶಿರಸಿ ಹತ್ತಿರದ ಹಳ್ಳಿ ನಮ್ಮದು. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕೆಲವು ವರ್ಷಗಳಿಂದ ಫೋಟೊ ಹುಚ್ಚು. ಕ್ರಾಪ್ ಸೆನ್ಸಾರಿನ ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆಗೇ ಬಂದ 16-50 ಎಂ.ಎಂ. (ಎಫ್/3.5-6.3) ಮತ್ತು 50-250 ಎಂ.ಎಂ. ಲೆನ್ಸ್ ಇವೆ. ಕುಮಟಾ, ಹೊನ್ನಾವರ, ಸಿದ್ದಾಪುರ, ಯಕ್ಷಗಾನದ ಆಟ ಎಲ್ಲಿದ್ದರೂ ಹೋಗುತ್ತೇನೆ; ಹಿಂದೂಸ್ತಾನಿ ಸಂಗೀತದ ಬೈಠಕ್ ಇದ್ದರೆ ತಪ್ಪಿಸುವುದಿಲ್ಲ. ಆದರೆ ಕುಣಿತದ ಫೋಟೊಗಳೆಲ್ಲ ಕದಡಿರುತ್ತವೆ, ಶಟರ್ ವೇಗ ಹೆಚ್ಚಿಸಿದರೆ ಕಾಳು ಕಾಳು. ಬೈಠಕ್ಕಿನಲ್ಲಿ ಸದ್ದಾಗಬಾರದೆಂದು ಸೈಲೆಂಟ್ ಮೋಡ್ ಹಾಕಿದರೆ ಚಿತ್ರಕ್ಕೆ ಅಡ್ಡಡ್ಡ ಪಟ್ಟೆ. ಕೆಂಪು ಲೈಟು ಬಿದ್ದ ರಾಕ್ಷಸ ವೇಷದ ಮುಖ ಬರೀ ಕೆಂಪು ಮುದ್ದೆ. ಈ ಮಳೆಗಾಲದಲ್ಲಿ 50-250ರ ಒಳಗೆ ಜೇಡರ ಬಲೆಯಂಥದ್ದು ಬೇರೆ ಕಾಣುತ್ತಿದೆ. ಗೆಳೆಯರು ಫುಲ್ ಫ್ರೇಮ್ ಬಾಡಿ ತಗೊ ಅನ್ನುತ್ತಾರೆ. 60,000 ರೂಪಾಯಿ ಕೂಡಿಟ್ಟಿದ್ದೇನೆ. ತಗೊಳ್ಳಲೇ? ಇನ್ನೊಂದು: ಮಳೆಗಾಲದಲ್ಲಿ ಹೊರಗೆ ಹೋಗುವಂತಿಲ್ಲ, ಮನೆಯಲ್ಲಿ ಏನು ತೆಗೆಯಬೇಕೆಂದು ಹೊಳೆಯುವುದಿಲ್ಲ."

ಉತ್ತರ: ಬಾಡಿ ಬದಲಿಸಬೇಡಿ. ನೀವು ಬರೆದ ತೊಂದರೆಗಳಲ್ಲಿ ಹೊಸ ಬಾಡಿಯಿಂದ ಒಂದಿಷ್ಟು ಕಡಿಮೆಯಾಗುವುದು ಕಾಳಿನದ್ದು ಮಾತ್ರ. ಕದಡುವುದು, ಪಟ್ಟೆ, ಕೆಂಪು ಮುದ್ದೆ, ಲೆನ್ಸಿನೊಳಗಿನ ಬಲೆ (ಅದು ಬೂಷ್ಟು) ಎಲ್ಲವೂ ಹೊಸ ಬಾಡಿಯ ಜೊತೆಗೂ ಮನೆಗೆ ಬರುತ್ತವೆ.

ಲೆಕ್ಕ ಬರೆಯುವವರು ನೀವು, ಲೆಕ್ಕದಲ್ಲೇ ನೋಡೋಣ. ಫುಲ್ ಫ್ರೇಮ್ ಸೆನ್ಸಾರ್ 36 × 24 ಎಂ.ಎಂ., ನಿಮ್ಮದು ಸುಮಾರು 23.5 × 15.6 ಎಂ.ಎಂ. ವಿಸ್ತೀರ್ಣದ ವ್ಯತ್ಯಾಸ ಸುಮಾರು 2.4 ಪಟ್ಟು, ಅಂದರೆ ಒಂದು ಸ್ಟಾಪಿಗಿಂತ ಚೂರು ಹೆಚ್ಚು (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು). ಈಗ ಲೆನ್ಸ್ ಕಡೆ ಬನ್ನಿ. ನಿಮ್ಮ 16-50 ಲೆನ್ಸನ್ನು 50ಕ್ಕೆ ಎಳೆದಾಗ ಅದರ ಬಾಯಿ ಎಫ್/6.3. ಅದೇ 50 ಎಂ.ಎಂ.ನ ಎಫ್/1.8 ಲೆನ್ಸ್ ಒಳಬಿಡುವ ಬೆಳಕು 12 ಪಟ್ಟು, ಮೂರೂವರೆ ಸ್ಟಾಪ್. ಇವತ್ತು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12800 ಬೇಕಾಗುವ ಜಾಗದಲ್ಲಿ ಅದೇ ಶಟರ್ ವೇಗಕ್ಕೆ ಐಎಸ್ಒ 1000 ಸಾಕು. ಗೆಳೆಯರು ಹೇಳದೆ ಬಿಟ್ಟ ಮಾತು ಇನ್ನೊಂದಿದೆ. ಕ್ರಾಪ್ ಸೆನ್ಸಾರಿಗೆಂದು ಮಾಡಿದ ನಿಮ್ಮ ಲೆನ್ಸ್‌ಗಳನ್ನು ಅದೇ ಮೌಂಟಿನ ಫುಲ್ ಫ್ರೇಮ್ ಬಾಡಿಗೆ ಹಾಕಿದರೆ ಅದು ಸೆನ್ಸಾರಿನ ನಡುಭಾಗವನ್ನಷ್ಟೇ ಬಳಸುತ್ತದೆ, ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್. ದುಡ್ಡು ಕೊಟ್ಟು ತಂದ ದೊಡ್ಡ ಸೆನ್ಸಾರಿನ ಲಾಭ ಅಲ್ಲೇ ಸೋರಿಹೋಗುತ್ತದೆ. ಲಾಭ ಬೇಕೆಂದರೆ ಲೆನ್ಸ್‌ಗಳನ್ನೂ ಬದಲಿಸಬೇಕು. 60,000 ಅದಕ್ಕೆ ಸಾಲುವುದಿಲ್ಲ.

ಹಾಗಾಗಿ ಮೊದಲ ಖರ್ಚು ಎಫ್/1.8 ಅಥವಾ ಎಫ್/2ರ ಒಂದು ಪ್ರೈಮ್ (ಜೂಮ್ ಇಲ್ಲದ) ಲೆನ್ಸ್. 50 ಎಂ.ಎಂ. ಯಾಕೆಂದರೆ, ನಿಮ್ಮ ಸೆನ್ಸಾರಿನಲ್ಲಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು 6 ಮೀಟರ್ ದೂರದಿಂದ ನೋಡಿದರೆ 2.8 ಮೀಟರ್ ಎತ್ತರ ಕಾಣುತ್ತದೆ. ಕಿರೀಟ ಕಟ್ಟಿ ಕೈ ಎತ್ತಿದ ವೇಷ ಅದರಲ್ಲಿ ಪೂರ್ತಿ ಕೂರುತ್ತದೆ. ಟೆಂಟಿನಲ್ಲಿ ಹತ್ತನೇ ಸಾಲಿನ ಹಿಂದೆ ಕೂತರೆ 50 ಸಾಲದು, ಆಗ 85 ಬೇಕು. ಆದರೆ 85 ತಂದರೆ ಮನೆಯ ಜಗಲಿ ಬೈಠಕ್ಕಿನಲ್ಲಿ ಗೋಡೆಗೆ ಒರಗಿದರೂ ಹಾಡುವವರ ಮುಖವೇ ಫ್ರೇಮ್ ತುಂಬುತ್ತದೆ, ತಬಲಾದವರು ಹೊರಗೆ. ಎರಡೂ ಕಡೆ ಹೋಗುವ ನಿಮಗೆ 50 ಸರಿ, ಸ್ವಲ್ಪ ಮುಂದೆ ಕೂರುವ ಅಭ್ಯಾಸ ಮಾಡಿಕೊಳ್ಳಿ. ಬೆಲೆ ಮೌಂಟಿನ ಮೇಲೆ ಬಹಳ ಹೆಚ್ಚುಕಡಿಮೆ ಆಗುತ್ತದೆ. ಡಿಎಸ್ಎಲ್ಆರ್ ಕಾಲದ ಹಳೆಯ 50ನ್ನು ಅಡಾಪ್ಟರಿನ ಮೇಲೆ ಹಾಕುವುದು ಅಗ್ಗದ ದಾರಿ. ಅದರ ಅಪಾಯ: ಒಳಗೆ ಮೋಟರ್ ಇಲ್ಲದ ಕೆಲವು ಹಳೆಯ ಲೆನ್ಸ್ ಅಡಾಪ್ಟರಿನ ಮೇಲೆ ಆಟೊಫೋಕಸ್ ಮಾಡುವುದೇ ಇಲ್ಲ. ಕೊಳ್ಳುವ ಮೊದಲು ನಿಮ್ಮ ಬಾಡಿಗೇ ಹಾಕಿ ನೋಡಿ. ಹಾಗೇ ಹಿಂದಿನಿಂದ ಟಾರ್ಚ್ ಬಿಟ್ಟು ಬೂಷ್ಟು ಇದೆಯೇ, ಅಪರ್ಚರ್ ರೆಕ್ಕೆಗಳ ಮೇಲೆ ಎಣ್ಣೆ ಹತ್ತಿದೆಯೇ ಎಂದೂ ನೋಡಿ.

ಎಫ್/1.8ಕ್ಕೆ ಬೆಲೆ ತೆರಬೇಕು. 6 ಮೀಟರ್ ದೂರದಲ್ಲಿ ಫೋಕಸ್ ಕೂರುವ ಆಳ ಸುಮಾರು 1 ಮೀಟರ್, ಎಫ್/2.8ರಲ್ಲಿ 1.6 ಮೀಟರ್. ಎರಡು ವೇಷ ಹಿಂದೆ ಮುಂದೆ ನಿಂತ ಯುದ್ಧದ ದೃಶ್ಯಕ್ಕೆ 2.8 ಬೇಕು. ಬೈಠಕ್ಕಿನಲ್ಲಿ 3 ಮೀಟರಿನಿಂದ ಎಫ್/1.8ರಲ್ಲಿ ತೆಗೆದರೆ ಆಳ ಬರೀ 26 ಸೆಂಟಿಮೀಟರ್: ಗಾಯಕರ ಕಣ್ಣು ಚೊಕ್ಕ, ಹಿಂದಿನ ತಂಬೂರಿ ಮಬ್ಬು. ಅದು ಬೇಕೆಂದೇ ಮಾಡಿದ್ದಾದರೆ ಚಂದ.

ಎರಡು ತಪ್ಪು ನಂಬಿಕೆ

"ಐಎಸ್ಒ ಏರಿಸಿದರೆ ಕಾಳು ಬರುತ್ತದೆ, 800 ದಾಟಬಾರದು" ಎಂಬುದು ಒಂದು. ಕಾಳಿಗೆ ಕಾರಣ ಸೆನ್ಸಾರಿಗೆ ಬಿದ್ದ ಬೆಳಕು ಕಡಿಮೆಯಾದದ್ದು. 800ಕ್ಕೆ ಕಟ್ಟಿಹಾಕಿ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎರಡು ಸ್ಟಾಪ್ ಎತ್ತಿದರೂ, ಮೊದಲೇ 3200ರಲ್ಲಿ ತೆಗೆದರೂ ಕಾಳು ಹೆಚ್ಚುಕಡಿಮೆ ಅಷ್ಟೇ. ಹಲವು ಕ್ಯಾಮೆರಾಗಳಲ್ಲಿ ಎತ್ತಿದ್ದೇ ಕೆಟ್ಟದಾಗಿ ಕಾಣುತ್ತದೆ. ಬೇಕಾದ ಶಟರ್, ಬೇಕಾದ ಅಪರ್ಚರ್ ಇಟ್ಟುಕೊಳ್ಳಿ. ಐಎಸ್ಒ ಎಲ್ಲಿಗೆ ಬರುತ್ತದೋ ಬರಲಿ.

ಇನ್ನೊಂದು "ಸ್ಟೆಬಿಲೈಸೇಶನ್ ಇದ್ದರೆ ಕದಡುವುದಿಲ್ಲ". ಅದು ತಡೆಯುವುದು ನಿಮ್ಮ ಕೈ ನಡುಕವನ್ನು. ಎದುರಿಗೆ ಕುಣಿಯುವವರನ್ನು ಅದು ಹಿಡಿದು ನಿಲ್ಲಿಸಲಾರದು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸುವ ಕೈ 1/100 ಸೆಕೆಂಡಿನಲ್ಲಿ 3 ಸೆಂಟಿಮೀಟರ್ ಸರಿಯುತ್ತದೆ, 1/500ರಲ್ಲಿ 6 ಮಿಲಿಮೀಟರ್. ಕುಣಿತ ನಿಲ್ಲಬೇಕಾದರೆ 1/400ರಿಂದ 1/500 ಬೇಕೇ ಬೇಕು. ಚಿಟ್ಟಾಣಿ ಮಟ್ಟಿನ (ಯಕ್ಷಗಾನದ ಒಂದು ಶೈಲಿಯ) ಬಿರುಸಿನ ಹೆಜ್ಜೆಗೆ ಅದಕ್ಕಿಂತ ಕಡಿಮೆ ನಡೆಯುವುದಿಲ್ಲ. ಕೆರೆಮನೆ ಮಟ್ಟಿನ ಅಭಿನಯ ಮುಖ್ಯವಾದ ನಿಧಾನದ ಪಾತ್ರಕ್ಕೆ 1/200 ಧಾರಾಳ. ಪದ್ಯ ಮುಗಿದು ಅರ್ಥ (ಪಾತ್ರದ ಮಾತು) ಶುರುವಾಯಿತೋ, 1/125ಕ್ಕೆ ಇಳಿಸಿ, ಐಎಸ್ಒ ಎರಡು ಸ್ಟಾಪ್ ಕೆಳಗೆ ಬರುತ್ತದೆ. ರಾತ್ರಿಯಿಡೀ ಒಂದೇ ಸೆಟ್ಟಿಂಗಿನಲ್ಲಿ ತೆಗೆಯುವವರ ಅರ್ಧ ಚಿತ್ರ ಈ ಕಾರಣಕ್ಕೇ ಹಾಳು.

ಫ್ಲ್ಯಾಶ್ ವಿಷಯ ನೀವು ಕೇಳಿಲ್ಲ, ಆದರೂ: ಬೇಡ. ಕಣ್ಣಿಗೆ ಹೊಡೆದು ಕಲಾವಿದರ ಲಕ್ಷ್ಯ ಕೆಡುವುದು ಒಂದು ಕಡೆ. ಭುಜಕೀರ್ತಿ, ಕಿರೀಟದ ಮಿರುಗು ಬೆಳಕನ್ನು ನೇರ ವಾಪಸು ಎಸೆದು ಮುಖ ಮಂಕಾಗುವುದು ಇನ್ನೊಂದು ಕಡೆ.

ಕಿವಿಯಿಂದ ಕ್ಲಿಕ್

ಲೆನ್ಸ್ ಬಂದ ಮೇಲೂ ನಿಮ್ಮ ಚಿತ್ರಗಳಲ್ಲಿ ಒಂದು ಕೊರತೆ ಉಳಿಯುತ್ತದೆ. ಕೈ ಇಳಿದ ಮೇಲಿನ ಚಿತ್ರ, ತಿರುಗಿ ಬೆನ್ನಾದ ಮೇಲಿನ ಚಿತ್ರ, ಬಾಯಿ ಮುಚ್ಚಿದ ಮೇಲಿನ ಚಿತ್ರ. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸುಮಾರು ಕಾಲು ಸೆಕೆಂಡು ಹೋಗಿರುತ್ತದೆ, ಕ್ಯಾಮೆರಾದ ವಿಳಂಬ ಅದರ ಮೇಲೆ ಬೇರೆ. ಸೆಕೆಂಡಿಗೆ 3 ಮೀಟರ್ ಓಡುವ ಕೈ ಅಷ್ಟರಲ್ಲಿ ಮುಕ್ಕಾಲು ಮೀಟರ್ ದಾಟಿದೆ. ನಿಮಿಷಕ್ಕೆ 240 ಮಾತ್ರೆಯ (ತಾಳದ ಎಣಿಕೆಯ) ದ್ರುತ್ (ವೇಗದ) ತೀನ್‌ತಾಲದಲ್ಲಿ ಕಾಲು ಸೆಕೆಂಡು ಎಂದರೆ ಸರಿಯಾಗಿ ಒಂದು ಮಾತ್ರೆ. ಸಮ್ (ತಾಳದ ಮೊದಲ ಮಾತ್ರೆ) ಕಂಡು ಒತ್ತಿದವರಿಗೆ ಸಿಗುವುದು ಎರಡನೇ ಮಾತ್ರೆ. ಎಷ್ಟು ಲಕ್ಷದ ಕ್ಯಾಮೆರಾ ತಂದರೂ ಈ ಕಾಲು ಸೆಕೆಂಡು ನಿಮ್ಮದೇ.

ಒಂದೇಸಮನೆ ಬರ್ಸ್ಟ್ ಹೊಡೆಯಬಹುದಲ್ಲ ಎನ್ನಬಹುದು. ಹೊಡೆಯಬಹುದು. ಬೈಠಕ್ಕಿನಲ್ಲಿ ಆ ಸದ್ದಿಗೆ ಜನ ತಿರುಗಿ ನೋಡುತ್ತಾರೆ, ಆಟದಲ್ಲಿ ಬೆಳಗಿನ ಹೊತ್ತಿಗೆ ಕಾರ್ಡ್ ತುಂಬಿ ಮನೆಗೆ ಬಂದು ಸಾವಿರಾರು ಚಿತ್ರ ಅಳಿಸುತ್ತ ಕೂರಬೇಕು. ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ಸಾಧನ ಇದೆ. ಇಷ್ಟು ಬೈಠಕ್, ಇಷ್ಟು ಆಟ ಕೇಳಿದ ಕಿವಿ. ಸಂಗೀತ ತಾನು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಹೇಳುತ್ತದೆ.

ತೀನ್‌ತಾಲದ 16 ಮಾತ್ರೆಯಲ್ಲಿ 9ನೆಯದು ಖಾಲಿ. ಎಷ್ಟೋ ದ್ರುತ್ ಬಂದಿಶ್‌ಗಳ ಮುಖಡಾ (ಮತ್ತೆ ಮತ್ತೆ ಬರುವ ಮೊದಲ ಸಾಲಿನ ತುಣುಕು) ಅಲ್ಲಿಂದ ಏಳುತ್ತದೆ. ಮುಖಡಾ ಎದ್ದಿತೆಂದರೆ ಸಮ್‌ಗೆ ಇನ್ನು 8 ಮಾತ್ರೆ: ನಿಮಿಷಕ್ಕೆ 240ರ ಲಯದಲ್ಲಿ 2 ಸೆಕೆಂಡು, 160ರಲ್ಲಿ 3 ಸೆಕೆಂಡು. ಫ್ರೇಮ್ ಕಟ್ಟಿ ಶಟರ್ ಅರ್ಧ ಒತ್ತಿ ಫೋಕಸ್ ಹಿಡಿದಿಟ್ಟುಕೊಳ್ಳಲು ಅಷ್ಟು ಸಮಯ ಸಾಕು. ತಿಹಾಯಿ ಬಂದರೆ ಇನ್ನೂ ಸುಲಭ. ಒಂದೇ ತುಣುಕು ಮೂರು ಸಲ. ಮೊದಲ ಸಲ ಗುರುತಿಸಿ, ಎರಡನೇ ಸಲ ಉದ್ದ ಅಳೆಯಿರಿ, ಮೂರನೆಯದರ ಕೊನೆಯ ಪೆಟ್ಟಿಗೆ ಚೂರು ಮುಂಚೆ ಒತ್ತಿ. ಸಮ್‌ನಲ್ಲಿ ಗಾಯಕರ ಕೈ ಬೀಸಿ ಬಂದು ಕ್ಷಣ ನಿಲ್ಲುತ್ತದೆ. ಹಾಗೆ ನಿಂತ ಕೈ 1/100ರಲ್ಲೂ ಕದಡುವುದಿಲ್ಲ. ಒತ್ತಿದ ಮೇಲೆ ಕ್ಯಾಮೆರಾ ಇಳಿಸಬೇಡಿ. ಸಮ್ ಆದ ಮರುಕ್ಷಣ ಗಾಯಕರು ತಬಲಾದವರ ಕಡೆ ನೋಡಿ ನಗುತ್ತಾರಲ್ಲ, ಬೈಠಕ್ಕಿನ ಅತಿ ಒಳ್ಳೆಯ ಚಿತ್ರ ಬಹಳ ಸಲ ಅದೇ.

ಆಟದಲ್ಲೂ ಹೀಗೇ. ಭಾಗವತರ ಎತ್ತುಗಡೆ ಕೇಳಿದೊಡನೆ ವೇಷ ಎತ್ತ ತಿರುಗುತ್ತದೆ ಎಂದು ನಿಮಗೆ ಗೊತ್ತಾಗುತ್ತದೆ. ಚಂಡೆಯ ಪೆಟ್ಟು ದಟ್ಟವಾಗುತ್ತ ಹೋಗಿ ಮುಕ್ತಾಯಕ್ಕೆ ಬಂದಾಗ ಕುಣಿಯುವವರು ಒಂದು ನಿಲುವಿಗೆ ಬಂದು ಗಟ್ಟಿಯಾಗಿ ನಿಲ್ಲುತ್ತಾರೆ. ಆ ನಿಲುವಿಗೆ 1/160 ಸಾಕು. ಅಂದರೆ 1/500ಕ್ಕೆ ಬೇಕಾದ ಬೆಳಕು ಇಲ್ಲದ ಮಂದ ರಂಗಸ್ಥಳದಲ್ಲೂ, ಮುಕ್ತಾಯಕ್ಕೆ ಕಾದರೆ ನಿಮ್ಮ ಈಗಿನ ಎಫ್/6.3 ಲೆನ್ಸಿನಲ್ಲೇ ಒಂದೆರಡು ಒಳ್ಳೆಯ ಚಿತ್ರ ಸಿಗುತ್ತದೆ.

ಅಭ್ಯಾಸ ಮನೆಯಲ್ಲೇ ಮಾಡಬಹುದು. ಒಂದು ದ್ರುತ್ ತೀನ್‌ತಾಲದ ರೆಕಾರ್ಡಿಂಗ್ ಹಾಕಿ ಕ್ಯಾಮೆರಾ ಹಿಡಿದು ಪ್ರತಿ ಸಮ್‌ಗೆ ಒತ್ತಿ. ಪಕ್ಕದಲ್ಲಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಆಮೇಲೆ ಕೇಳಿದರೆ ಶಟರಿನ ಸದ್ದು ಸಮ್‌ಗೆ ಎಷ್ಟು ಹಿಂದೆ ಬಿದ್ದಿತೆಂದು ತಿಳಿಯುತ್ತದೆ. ಮೊದಮೊದಲು ಎಲ್ಲರೂ ತಡ. ಆಮೇಲೆ ಕೆಲ ದಿನ ಅವಸರ. ಮಧ್ಯಕ್ಕೆ ಬರುವವರೆಗೆ ಬಿಡಬೇಡಿ.

ಪಟ್ಟೆ ಎಲ್ಲಿಂದ ಬರುತ್ತದೆ

ನಮ್ಮ ಕರೆಂಟು 50 ಹರ್ಟ್ಸ್. ಅದರ ಮೇಲೆ ಉರಿಯುವ ಸಾಧಾರಣ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ, ಒಂದೊಂದು ಏರಿಳಿತ 10 ಮಿಲಿಸೆಕೆಂಡು. ಸೈಲೆಂಟ್ ಮೋಡಿನಲ್ಲಿ ಸೆನ್ಸಾರ್ ಒಂದೇ ಏಟಿಗೆ ಚಿತ್ರ ಹಿಡಿಯುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದುತ್ತ ಬರುತ್ತದೆ. ಮಧ್ಯಮ ಬೆಲೆಯ ಕ್ಯಾಮೆರಾಗಳಲ್ಲಿ ಆ ಓದು ಮುಗಿಯುವಷ್ಟರಲ್ಲಿ ಲೈಟು ಹಲವು ಸಲ ಏರಿ ಇಳಿದಿರುತ್ತದೆ. ಬೆಳಕು ಏರಿದಾಗ ಓದಿದ ಸಾಲು ಬೆಳ್ಳಗೆ, ಇಳಿದಾಗಿನ ಸಾಲು ಕಪ್ಪಗೆ. ಅದೇ ಪಟ್ಟೆ, ಕ್ಯಾಮೆರಾ ಕೆಟ್ಟಿಲ್ಲ.

ಬೈಠಕ್ಕಿಗೆ ಪರಿಹಾರ ಸುಲಭ. ಸೈಲೆಂಟ್ ಮೋಡಿನಲ್ಲೇ ಶಟರನ್ನು ಸರಿಯಾಗಿ 1/100 ಅಥವಾ 1/50ಕ್ಕೆ ನಿಲ್ಲಿಸಿ. ಆಗ ಪ್ರತಿ ಸಾಲಿಗೂ ಪೂರ್ತಿ ಒಂದು ಅಥವಾ ಎರಡು ಏರಿಳಿತದ ಬೆಳಕು ಬೀಳುತ್ತದೆ, ಎಲ್ಲ ಸಾಲೂ ಸಮ. 1/125 ಇಟ್ಟರೆ ಕೂಡುವುದಿಲ್ಲ, ಆಟೊದಲ್ಲಿ ಕ್ಯಾಮೆರಾ ತಾನಾಗಿ ಆರಿಸುವ 1/60ಕ್ಕೂ ಕೂಡುವುದಿಲ್ಲ. ಹಾಗಾಗಿ ಶಟರ್ ಆಟೊದಲ್ಲಿ ಬಿಡಬೇಡಿ.

ಆಟಕ್ಕೆ 1/100 ಸಾಲದಲ್ಲ. ಅಲ್ಲಿ ಚಂಡೆಯ ಎದುರು ನಿಮ್ಮ ಶಟರಿನ ಸದ್ದು ಯಾರಿಗೂ ಕೇಳುವುದಿಲ್ಲ, ಸೈಲೆಂಟ್ ಬಿಟ್ಟು ಮೆಕ್ಯಾನಿಕಲ್ ಶಟರ್ ಹಾಕಿ. ಅದರ ಪರದೆ ಕೆಲವೇ ಮಿಲಿಸೆಕೆಂಡಿನಲ್ಲಿ ಸೆನ್ಸಾರ್ ದಾಟುವುದರಿಂದ ಪಟ್ಟೆ ಸಾಲು ಬೀಳುವುದಿಲ್ಲ. ಹೆಚ್ಚೆಂದರೆ ಚಿತ್ರದ ಒಂದು ಬದಿ ಚೂರು ಕಂದುತ್ತದೆ, ಅಥವಾ ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಕಪ್ಪಗೆ. ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಶೂಟಿಂಗ್ ಇದ್ದರೆ ಹಾಕಿಡಿ, ಬೆಳಕು ಏರಿದ ಹೊತ್ತು ನೋಡಿ ಶಟರ್ ಬಿಡುತ್ತದೆ. ಅದರಿಂದ ಒತ್ತಿದ್ದಕ್ಕೂ ಬಿಟ್ಟದ್ದಕ್ಕೂ ಚೂರು ಅಂತರ ಆಗುತ್ತದೆ. ಬಯಲಾಟ ಜನರೇಟರಿನ ಮೇಲೆ ನಡೆಯುತ್ತಿದ್ದರೆ ಹರ್ಟ್ಸ್ 50ರಲ್ಲಿ ನಿಲ್ಲುವುದಿಲ್ಲ, ಲೋಡ್ ಏರಿದಂತೆ ಜಾರುತ್ತದೆ. ಅಂಥ ಕಡೆ ಮೂರು ನಾಲ್ಕು ಚಿತ್ರದ ಸಣ್ಣ ಬರ್ಸ್ಟ್ ತೆಗೆದು ಸಮ ಬೆಳಕಿನದನ್ನು ಇಟ್ಟುಕೊಳ್ಳುವುದೇ ದಾರಿ. ಇನ್ನು ಬಣ್ಣ ಬದಲಿಸುವ ಎಲ್‌ಇಡಿ ಪಾರ್‌ಗಳನ್ನು ಮಂದ ಮಾಡುವುದೇ ಅತಿ ವೇಗದಲ್ಲಿ ಆರಿಸಿ ಹೊತ್ತಿಸಿ. ಅದಕ್ಕೆ 100ರ ಲೆಕ್ಕ ಅನ್ವಯಿಸದು. ಹೈ ಫ್ರೀಕ್ವೆನ್ಸಿ ಫ್ಲಿಕರ್ ಸೌಲಭ್ಯ ಇಲ್ಲದ ಬಾಡಿಯಲ್ಲಿ ಶಟರನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಪರದೆಯ ಮೇಲೆ ಪಟ್ಟೆ ಮಾಯವಾಗುವ ಜಾಗ ಹುಡುಕಬೇಕು.

ಕೆಂಪು ಮುದ್ದೆಗೆ ಎರಡು ಕಾರಣ. ಮೊದಲನೆಯದನ್ನು ಯಾರೂ ಸರಿಪಡಿಸಲಾರರು: ಕೆಂಪು ಎಲ್‌ಇಡಿಯಲ್ಲಿ ಕೆಂಪು ಬಿಟ್ಟು ಬೇರೆ ಬೆಳಕೇ ಇಲ್ಲ. ಆ ಬೆಳಕಿನಲ್ಲಿ ಮುಖದ ಬಿಳಿ ಬಣ್ಣವೂ ಕೆಂಪು ಬಣ್ಣವೂ ಒಂದೇ ಸಮ ಹೊಳೆಯುತ್ತವೆ, ನಡುವಿನ ಗೆರೆ ಕಣ್ಣಿಗೂ ಕಾಣುವುದಿಲ್ಲ, ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಲೈಟು ಬದಲಾಗುವವರೆಗೆ ಕಾಯಿರಿ. ಎರಡನೆಯದು ನಿಮ್ಮ ಕೈಯಲ್ಲಿದೆ. ಮೀಟರ್ ಸರಾಸರಿ ಬೆಳಕು ನೋಡಿ "ಕತ್ತಲೆ ಇದೆ" ಎಂದು ಎಕ್ಸ್‌ಪೋಶರ್ ಏರಿಸುತ್ತದೆ, ಅಷ್ಟರಲ್ಲಿ ಕೆಂಪು ಚಾನೆಲ್ ತುಂಬಿ ಮೇಲಿನ ಮಟ್ಟಕ್ಕೆ ಬಡಿದಿರುತ್ತದೆ. ಬಿಳಿ ಹಿಸ್ಟೋಗ್ರಾಂ ಬಿಟ್ಟು ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿ, ಕೆಂಪು ಗುಡ್ಡ ಬಲಗೋಡೆಗೆ ತಾಗದಂತೆ 1ರಿಂದ 1.3 ಸ್ಟಾಪ್ ಇಳಿಸಿ. ರಾ ಫೈಲಿನಲ್ಲಿ ತೆಗೆಯಿರಿ. ವೈಟ್ ಬ್ಯಾಲೆನ್ಸ್ ಆಟೊ ಬೇಡ, 4000 ಕೆಲ್ವಿನ್‌ನಲ್ಲಿ ನಿಲ್ಲಿಸಿಬಿಡಿ. ಪಿಕ್ಚರ್ ಸ್ಟೈಲ್ ವಿವಿಡ್ ಇದ್ದರೆ ಹಿಸ್ಟೋಗ್ರಾಂ ಸುಳ್ಳು ಹೇಳುತ್ತದೆ, ನ್ಯೂಟ್ರಲ್ ಮಾಡಿ. ಮೊದಲೇ ತುಂಬಿ ಹಾಳಾದ ಹಳೆಯ ಚಿತ್ರಗಳಿದ್ದರೆ, ಹಸಿರು ಚಾನೆಲ್ ಒಂದನ್ನೇ ತೆಗೆದುಕೊಂಡು ಕಪ್ಪುಬಿಳುಪು ಮಾಡಿ ನೋಡಿ. ಕಾಳು ಹೆಚ್ಚಿರುತ್ತದೆ, ಆದರೆ ಮುಖದ ಗೆರೆ ಎಷ್ಟೋ ಸಲ ಅಲ್ಲಿ ಬದುಕಿರುತ್ತದೆ.

ಕೂರುವ ಜಾಗದ ಬಗ್ಗೆ ಒಂದು ಮಾತು. ಬೈಠಕ್ಕಿನಲ್ಲಿ ಎದುರು ಕೂತರೆ ಮೈಕು ಬಾಯಿ ಮುಚ್ಚುತ್ತದೆ. ಸ್ಟ್ಯಾಂಡಿನ ತೋಳು ಬಂದ ಬದಿಯನ್ನು ಬಿಟ್ಟು ಇನ್ನೊಂದು ಬದಿಗೆ 30-45 ಡಿಗ್ರಿ ಸರಿದು, ಕಾರ್ಯಕ್ರಮಕ್ಕೆ ಮೊದಲೇ ಸಂಘಟಕರ ಒಪ್ಪಿಗೆ ಪಡೆದು ನೆಲದಲ್ಲಿ ಕೂತುಬಿಡಿ. ಆಲಾಪ ಮುಗಿಯುವವರೆಗೆ ಕ್ಯಾಮೆರಾ ತೊಡೆಯ ಮೇಲಿರಲಿ. ಫೋಕಸಿನ ಬೀಪ್ ಮತ್ತು ಕೆಂಪು ಅಸಿಸ್ಟ್ ಲೈಟು ಮನೆಯಲ್ಲೇ ಆರಿಸಿ ಬನ್ನಿ. ಆಟದ ದಿನ ಎರಡು ತಾಸು ಮೊದಲು ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗಿ ಕೇಳಿದರೆ ಬಣ್ಣ ಹಚ್ಚುವಾಗ ತೆಗೆಯಲು ಬಿಡುವವರು ಬಹಳ. ಅಲ್ಲಿ ಕನ್ನಡಿಯ ಮುಂದಿನ ಒಂದೇ ಬಲ್ಬು ರಂಗಸ್ಥಳದ ಎಲ್ಲ ಲೈಟಿಗಿಂತ ಚಂದದ ಬೆಳಕು ಕೊಡುತ್ತದೆ.

ಜೇಡರ ಬಲೆ

ಅದು ಬೂಷ್ಟೇ. ಅದರ ಬೀಜಕಣ ಎಲ್ಲ ಗಾಳಿಯಲ್ಲೂ ಇದೆ, ಎಲ್ಲ ಲೆನ್ಸಿನಲ್ಲೂ ಇದೆ. ಪಕ್ಕದ ಲೆನ್ಸಿಗೆ ಅಂಟೀತೆಂಬ ಹೆದರಿಕೆ ಬಹುಮಟ್ಟಿಗೆ ಸುಮ್ಮನೆ. ತೇವಾಂಶ ಶೇ. 65-70ರ ಮೇಲೆ ದಿನಗಟ್ಟಲೆ ನಿಂತು, ಕತ್ತಲೆಯೂ ಗಾಳಿಯಾಡದ ಬ್ಯಾಗೂ ಸೇರಿದರೆ ಬೆಳೆಯುತ್ತದೆ. ಶಿರಸಿಯ ಮಳೆಗಾಲದಲ್ಲಿ ಬಟ್ಟೆಯ ಕ್ಯಾಮೆರಾ ಬ್ಯಾಗಿನಷ್ಟು ಅನುಕೂಲದ ಜಾಗ ಅದಕ್ಕೆ ಇನ್ನೊಂದಿಲ್ಲ.

ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಒಣಗಿಸಿ ಇಟ್ಟರೆ ಬೆಳವಣಿಗೆ ನಿಲ್ಲುತ್ತದೆ, ಹಾಗೇ ಬಳಸಿ. ನಡುವೆ ಹರಡಿದ್ದರೆ ರಂಗಸ್ಥಳದ ಲೈಟು ಎದುರು ಬಂದಾಗ ಚಿತ್ರದ ಮೇಲೆ ಹಾಲಿನಂಥ ಪೊರೆ ಬೀಳುತ್ತದೆ. ಬಿಚ್ಚಿ ತೊಳೆಸಬಹುದು. ಆದರೆ ಬೂಷ್ಟು ಗಾಜಿನ ಲೇಪವನ್ನು ತಿಂದಿದ್ದರೆ ಕಲೆ ಹೋಗುವುದಿಲ್ಲ, ಕೂಡಿಸುವಾಗ ಗಾಜು ಕೂದಲೆಳೆಯಷ್ಟು ಸರಿದರೂ ಚಿತ್ರದ ಒಂದು ಬದಿ ಮಬ್ಬಾಗುತ್ತದೆ. ಕಿಟ್ ಜೂಮ್ ಬಿಚ್ಚುವ ಕೂಲಿ ಅದರ ಸೆಕೆಂಡ್ ಹ್ಯಾಂಡ್ ಬೆಲೆಯ ಹತ್ತಿರ ಬರುತ್ತದೆ. ನಿಮ್ಮದಕ್ಕೆ ನಾನಾದರೆ ಕೂಲಿ ಕೊಡುವುದಿಲ್ಲ.

ಬಿಸಿಲಿಗಿಟ್ಟರೆ ಹೋಗುತ್ತದೆ ಎನ್ನುವವರಿದ್ದಾರೆ. ಬಿಸಿಲು ಬೂಷ್ಟನ್ನು ಸ್ವಲ್ಪಮಟ್ಟಿಗೆ ಕೊಲ್ಲಬಹುದು, ಕಲೆ ತೆಗೆಯದು. ಒಳಗಿನ ಗ್ರೀಸ್ ಕರಗಿ ಅಪರ್ಚರ್ ರೆಕ್ಕೆಗೆ ಇಳಿಯುತ್ತದೆ, ಲೆನ್ಸ್ ಬೆಳಕನ್ನು ಒಂದೇ ಕಡೆ ಕೂಡಿಸಿ ಬಟ್ಟೆಗೆ ಬೆಂಕಿ ಹಚ್ಚಿದರೂ ಹಚ್ಚೀತು. ಅಕ್ಕಿ ಡಬ್ಬಿಯಿಂದ ಒಳಹೋಗುವುದು ಪುಡಿ. ಕರ್ಪೂರ, ನುಸಿಗುಳಿಗೆ ಆವಿಯಾಗಿ ಗಾಜಿನ ಮೇಲೆ ಕೂರುತ್ತವೆ. ಅಟ್ಟ ಬೆಚ್ಚಗಿದೆ ನಿಜ, ಹೊಗೆಯೂ ಇದೆ. ಹಳಬರು ಕಪಾಟಿನೊಳಗೆ 15 ವ್ಯಾಟಿನ ಬಲ್ಬು ಉರಿಸುತ್ತಿದ್ದುದು ಮಾತ್ರ ಸರಿಯಾದ ಉಪಾಯ: 25 ಡಿಗ್ರಿಯಲ್ಲಿ ಶೇ. 90 ತೇವದ ಗಾಳಿಯನ್ನು 32 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತೇವಾಂಶ ಶೇ. 60ಕ್ಕೆ ಇಳಿಯುತ್ತದೆ. ಅದೇ ಜಾಗಕ್ಕೆ ಎಲ್‌ಇಡಿ ಬಲ್ಬು ಹಾಕಿದವರಿಗೆ ಬೂಷ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ, ಅದು ಅಷ್ಟು ಬಿಸಿಯಾಗುವುದಿಲ್ಲ.

ಇವತ್ತಿಗೆ ಅಗ್ಗದ ಕ್ರಮ: ರಬ್ಬರ್ ಅಂಚಿನ ಗಾಳಿ ಹೋಗದ 10 ಲೀಟರ್ ಪ್ಲಾಸ್ಟಿಕ್ ಡಬ್ಬಿ, 200-250 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಮಾಪಕ). ಅದರ ಅಂಕಿ ಶೇ. 40-50ರಲ್ಲಿರಲಿ, 30ರ ಕೆಳಗೆ ಒಣಗಿಸುವುದೂ ರಬ್ಬರ್, ಗ್ರೀಸಿಗೆ ಒಳ್ಳೆಯದಲ್ಲ. ಕಿತ್ತಳೆ ಹಸಿರಾದಾಗ 110-120 ಡಿಗ್ರಿಯ ಓವನ್ನಿನಲ್ಲಿ ಎರಡು ತಾಸು ಕಾಯಿಸಿ, ಪೂರ್ತಿ ಆರಿದ ಮೇಲೆ ವಾಪಸು ಹಾಕಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಪಾತ್ರೆ, ಓವನ್ನಿಗೆ ಮುಟ್ಟಿಸಬೇಡಿ. ಒದ್ದೆ ಕ್ಯಾಮೆರಾ ನೇರ ಡಬ್ಬಿಗೆ ಹಾಕಿದರೆ ಜೆಲ್ ಒಂದೇ ದಿನದಲ್ಲಿ ಸೋಲುತ್ತದೆ. ಕರೆಂಟು ಕೈಕೊಡದ ಮನೆಯಾದರೆ ಕರೆಂಟಿನ ಡ್ರೈ ಕ್ಯಾಬಿನೆಟ್ ನೆಮ್ಮದಿ, ನಿಮ್ಮ 60,000ದಲ್ಲಿ ಲೆನ್ಸಿನ ನಂತರ ಅದಕ್ಕೂ ಉಳಿಯಬಹುದು.

ಚಳಿಗಾಲದ ಬೆಳಿಗ್ಗೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದಾಗ ತಣ್ಣಗಿನ ಗಾಜಿನ ಮೇಲೆ ಕರಾವಳಿಯ ಗಾಳಿ ಮಂಜು ಕಟ್ಟುತ್ತದೆ. ಇಳಿಯುವ ಮೊದಲೇ ಜಿಪ್ ಕವರಿನಲ್ಲಿ ಹಾಕಿಟ್ಟು, ಹೋದ ಮೇಲೆ ಅರ್ಧ ತಾಸು ಬಿಟ್ಟು ತೆಗೆಯಿರಿ. ಕಾರವಾರದ ಕಡಲತಡಿಯಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸಿದರೆ ಉಪ್ಪು ಹೋಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು

ನಿಮ್ಮ ಜಗಲಿಯೇ ಸಾಕು. ಸೂರಿನಿಂದ ಇಳಿಯುವ ಹನಿ ಎರಡೂವರೆ ಮೀಟರ್ ಬೀಳುವಷ್ಟರಲ್ಲಿ ಸೆಕೆಂಡಿಗೆ 7 ಮೀಟರ್ ವೇಗ ಪಡೆದಿರುತ್ತದೆ. 1/1000ರಲ್ಲಿ ಅದು 7 ಮಿಲಿಮೀಟರ್ ಸರಿದ ಗಿಡ್ಡ ಹನಿ, 1/15ರಲ್ಲಿ ಸುಮಾರು ಅರ್ಧ ಮೀಟರಿನ ಬೆಳ್ಳಿ ದಾರ. ಮಳೆ ನಿಂತ ಮೇಲೆ ಹನಿಗಳು ಒಂದೇ ಲಯದಲ್ಲಿ ತೊಟ್ಟಿಕ್ಕುತ್ತವೆ. ಆ ಲಯ ಹಿಡಿದು, ನೆಲಕ್ಕೆ ಬಡಿದು ಚಿಮ್ಮುವ ಗಳಿಗೆಗೆ ಒತ್ತುವುದನ್ನು ಕಲಿತರೆ ದೀಪಾವಳಿ ನಂತರ ಆಟ ಶುರುವಾದಾಗ ನಿಮ್ಮ ಬೆರಳು ತಯಾರಾಗಿರುತ್ತದೆ. ಹಿನ್ನೆಲೆ ಕಪ್ಪಿರಬೇಕು, ತೋಟದ ಕತ್ತಲು ಒಳ್ಳೆಯದು. ಅಂಗಳದ ಬಿಳಿ ಆಕಾಶ ಹಿಂದಿದ್ದರೆ ಹನಿ ಕಾಣುವುದೇ ಇಲ್ಲ.

ಕೈಕೆಲಸ ಇಷ್ಟವಿದ್ದರೆ ಪಿನ್‌ಹೋಲ್ ಮಾಡಿ. ಒಂದು ಹೆಚ್ಚುವರಿ ಬಾಡಿ ಕ್ಯಾಪಿನ ನಡುವೆ 5-6 ಎಂ.ಎಂ. ತೂತು ಕೊರೆಯಿರಿ. ತಂಪು ಪಾನೀಯದ ಡಬ್ಬಿಯಿಂದ ಅಲ್ಯುಮಿನಿಯಂ ಚೂರು ಕತ್ತರಿಸಿ, ಸೂಜಿಯ ತುದಿಯನ್ನು ಮಾತ್ರ ಒತ್ತಿ 0.2 ಎಂ.ಎಂ. ತೂತು ಮಾಡಿ, ಹಿಂದೆ ಎದ್ದ ಚೂಪನ್ನು ನುಣ್ಣಗಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಸಮ ಮಾಡಿ ಕಪ್ಪು ಟೇಪಿನಿಂದ ಅಂಟಿಸಿ. ಮಿರರ್‌ಲೆಸ್ ಬಾಡಿಯಲ್ಲಿ ಸೆನ್ಸಾರಿಗೂ ಕ್ಯಾಪಿಗೂ ದೂರ 18 ಎಂ.ಎಂ. ಆಸುಪಾಸು, ಹಾಗಾಗಿ ಅದು ಎಫ್/90ರ ಲೆನ್ಸ್. ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡದಿದ್ದರೆ ಕ್ಯಾಮೆರಾ ಕ್ಲಿಕ್ ಆಗುವುದಿಲ್ಲ. ಮೋಡದ ಅಂಗಳಕ್ಕೆ ಐಎಸ್ಒ 100ರಲ್ಲಿ 4 ಸೆಕೆಂಡಿನಿಂದ ಶುರುಮಾಡಿ. ಜಗಲಿಯ ಒಳಗೆ ಐಎಸ್ಒ 400ರಲ್ಲಿ 8 ಸೆಕೆಂಡು. ಚಿತ್ರ ಮೃದುವಾಗಿಯೇ ಬರುತ್ತದೆ, ಅದು ಅದರ ಗುಣ. ಪೂರ್ತಿ ಕಲಸಿದಂತಿದ್ದರೆ ತೂತು ದೊಡ್ಡದಾಗಿದೆ, ಇನ್ನೊಂದು ಚೂರಿನಲ್ಲಿ ಮತ್ತೆ ಮಾಡಿ. ಆಕಾಶದಲ್ಲಿ ಗಟ್ಟಿ ಕಪ್ಪು ಚುಕ್ಕೆಗಳು ಕಂಡರೆ ಅವು ಸೆನ್ಸಾರಿನ ಮೇಲಿನ ಧೂಳು. ಇಷ್ಟು ಸಣ್ಣ ತೂತಿನಲ್ಲಿ ಒಂದೊಂದು ಕಣದ ನೆರಳೂ ಚೊಕ್ಕವಾಗಿ ಬೀಳುತ್ತದೆ. ರಬ್ಬರ್ ಬ್ಲೋವರಿನಿಂದ ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಊದಿ, ಬಾಯಿಂದ ಊದಬೇಡಿ, ಎಂಜಲು ಬಿದ್ದರೆ ಬ್ಲೋವರಿಗೆ ಹೋಗುವುದಿಲ್ಲ.